ಸಡಿಲ ಮುಚ್ಚಳ

ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಧಾರವಾಡ ಕಡೆಯ ಅಂಕಲ್ ಯಾರಿಗೆ ನೀರಿನ ಬಾಟಲಿ ಕೊಟ್ಟರೂ ಮುಚ್ಚಳವನ್ನು ಸಡಿಲಿಸಿಯೇ ಕೊಡುತ್ತಿದ್ದರು. ನಮ್ಮ ಕಾರಿನ ಸೀಟು ಒದ್ದೆಯಾಗಿ ನನಗೆ ಸಿಟ್ಟು ಬರುತ್ತಿತ್ತು. ಹಾಲು ತರಲು ಹೊರಟವರನ್ನೂ ತಡೆದು, "ನೀರ ತಗೊಂಡೀರಿಲ್ಲೋ?" ಎಂದು ಕೇಳುವ ಮನುಷ್ಯ ಅವರು.

ಸ್ಪ್ರಿಂಗ್ ಬ್ರೇಕ್ ರಜೆಗೆ ನಾವು ಮರುಭೂಮಿಯ ಊರೊಂದಕ್ಕೆ ಹೊರಟಾಗ ಏನೇನು ನೋಡಬೇಕೆಂದು ಅವರೇ ಹೇಳಿದರು. "ಮುಂಜಾನೆ ಮರಳ ದಿಬ್ಬ ನೋಡ್ರಿ, ಆಮ್ಯಾಲೆ ಕಳ್ಳಿ ತೋಟ, ರಾತ್ರಿ ಚುಕ್ಕಿ. ದಿಬ್ಬದ ಹತ್ರ ಒಂದು ಬೆಂಚ್ ಐತಿ. ಅದರ ಮ್ಯಾಲೆ ಒಂದು ನೀರಿನ ಬಾಟಲಿ ಇಟ್ಟು ಬರ್ರಿ."

ನಡೆದು ದಣಿದವರಿಗಿರಬೇಕು ಎಂದುಕೊಂಡೆ.

ನಾನು ಬಾಟಲಿ ಇಡುತ್ತಿದ್ದಂತೆ ಪಾರ್ಕಿನ ರೇಂಜರ್ ಹತ್ತಿರ ಬಂದು, ಶಿಕಾಗೋ ಕಡೆಯವರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೌದೆಂದೆ. ಅಲ್ಲಿಂದ ಬರುವವರು ಹೀಗೆ ಇಟ್ಟು ಹೋಗುತ್ತಾರೆ ಎಂದ. ಅವರನ್ನೆಲ್ಲ ಕಳಿಸುವ ಮನುಷ್ಯನ ಪುಟ್ಟ ಮಗಳು ಬಹಳ ಹಿಂದೆ ಈ ದಿಬ್ಬಗಳಲ್ಲಿ ತಪ್ಪಿಸಿಕೊಂಡಿದ್ದಳಂತೆ. ಸಿಕ್ಕಾಗ ಜೀವವಿರಲಿಲ್ಲ. ಕೈಯಲ್ಲಿದ್ದ ಬಾಟಲಿಯ ತುಂಬ ನೀರಿತ್ತಂತೆ.

ಅಂಕಲ್‌ಗೆ ಮಗಳೊಬ್ಬಳಿದ್ದಳು ಎಂಬುದೇ ಇಷ್ಟು ವರ್ಷ ನಮಗೆ ಗೊತ್ತಿರಲಿಲ್ಲ.

ನಾವು ವಾಪಸ್ ಬಂದಾಗ ಅವರು ಡ್ರೈವ್‌ವೇಯಲ್ಲೇ ನಿಂತಿದ್ದರು.

"ಇಟ್ಟು ಬಂದ್ರಿಲ್ಲೋ?"

"ಇಟ್ವಿ, ಅಂಕಲ್."

ನನ್ನ ಮುಖ ನೋಡಿ ಅವರಿಗೆ ಎಲ್ಲ ತಿಳಿದುಹೋಯಿತು. ಆದರೂ ಅವರು ಕೇಳಿದ್ದು ಇಷ್ಟೇ:

"ಮುಚ್ಚಳ ಸಡ್ಲ ಮಾಡಿದ್ರಿಲ್ಲೋ?"