ಮೂವರು ಆಂಡ್ರೂಗಳ ಆಲ್ಬಮ್

ಬೆಥಿಯಾ ಪಿಟ್‌ಕೇತ್ಲಿ ಹುಟ್ಟುವ ಹೊತ್ತಿಗೆ ಆ ಮನೆತನದಲ್ಲಿ ಶಸ್ತ್ರವೈದ್ಯರು ಮುಗಿದಿದ್ದರು. ಅವಳ ಅಪ್ಪನಿಗೆ ರಕ್ತ ಕಂಡರೆ ಕಣ್ಣು ಕತ್ತಲೆ. ಎಡಿನ್‌ಬರೊದಲ್ಲಿ ಔಷಧದಂಗಡಿ ಇಟ್ಟು, ಜಿಗಣೆ ಮಾರಿ ಕಾಲ ಕಳೆದ. ಊರಿಗೇ ಹೆಸರಾದವರು ಅವನ ಹಿಂದಿನ ಮೂರು ತಲೆಮಾರಿನವರು. ಮೂವರ ಹೆಸರೂ ಆಂಡ್ರೂ. ಹಿರಿಯ ಆಂಡ್ರೂ ಹೆಣ ಕೊಯ್ದು ಪಾಠ ಹೇಳಿದ. ನಡುವಣ ಆಂಡ್ರೂ ತೋಳಿನ ಸ್ನಾಯುಗಳ ಮೇಲೆ ಚಿತ್ರಗಳುಳ್ಳ ದೊಡ್ಡ ಪುಸ್ತಕ ತಂದ. ಕಿರಿಯ ಆಂಡ್ರೂ, ಎಂದರೆ ಬೆಥಿಯಾಳ ಅಜ್ಜ, ಅವರಿಬ್ಬರ ಹೆಸರಿನ ಮೇಲೆ ಬದುಕಿದ.

ಬೆಥಿಯಾ ಮದುವೆಯಾಗಲಿಲ್ಲ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತ, ತೀರಿಹೋದ ಅಣ್ಣನ ಹೆಂಡತಿ ಜೆಸ್ ಜೊತೆ ನಾಲ್ಕನೆಯ ಮಹಡಿಯ ಎರಡು ಕೋಣೆಗಳಲ್ಲಿ ಇದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಶುರುಮಾಡಿದ ಆಲ್ಬಮ್ ಅವಳ ಅರವತ್ತಮೂರನೆಯ ವಯಸ್ಸಿಗೆ ತುಂಬಿತ್ತು. ಮುಖಚಿತ್ರಗಳು, ಪಾಠದ ಕೋಣೆಯ ಪ್ರವೇಶ ಚೀಟಿಗಳು, ಪತ್ರಿಕೆಯ ತುಣುಕುಗಳು, ಒಂದು ಹಿಡಿ ನರೆಗೂದಲು, ಸಹಿಗಳು. ಅವಳ ಹರೆಯದಲ್ಲಿ ಸಹಿ ಕೂಡಿಡುವುದು ಮನೆಮನೆಯ ಹುಚ್ಚು. ಹಳೆಯ ಕಾಗದದಿಂದ ಸಹಿಯನ್ನಷ್ಟೇ ಕತ್ತರಿಸಿ ಅಂಟಿಸುವುದು, ಮಿಕ್ಕದ್ದನ್ನು ಒಲೆಗೆ ಹಾಕುವುದು. ಬೆಥಿಯಾ ಒಂದು ಪೆಟ್ಟಿಗೆ ತುಂಬ ಕಾಗದಗಳನ್ನು ಹಾಗೆ ಮುಗಿಸಿದ್ದಳು.

ಶಸ್ತ್ರವೈದ್ಯರ ಗ್ರಂಥಾಲಯವೊಂದು ಆಲ್ಬಮನ್ನು ಕೇಳಿ ಬರೆದಿತ್ತು. ಸೋಮವಾರ ಬಂದು ಒಯ್ಯುತ್ತಾರೆ. ಒಮ್ಮೆ ಅಲ್ಲಿನ ಪಟ್ಟಿಗೆ ಸೇರಿದರೆ ಮತ್ತೆ ಅದರಲ್ಲಿ ಒಂದಕ್ಷರವನ್ನೂ ತಿದ್ದುವ ಹಾಗಿಲ್ಲ. ಶನಿವಾರ ಬೆಳಿಗ್ಗೆ ಅವಳು ಕೊನೆಯ ಅಡಿಬರಹಗಳನ್ನು ಬರೆಯಲು ಕೂತಳು.

ಮೂವತ್ತೊಂದನೆಯ ಹಾಳೆಯಲ್ಲಿ ಒಂದು ಮುಂಗೈ ಇತ್ತು. ಚರ್ಮ ಬಿಡಿಸಿದ ಮುಂಗೈ, ಕೆಂಪು ಸೀಮೆಸುಣ್ಣದಲ್ಲಿ ಬರೆದದ್ದು. ನಡುವಣ ಆಂಡ್ರೂನ ಪುಸ್ತಕಕ್ಕೆ ಮೂಲಚಿತ್ರ. ಅದನ್ನು ಅವಳು ಸಾವಿರ ಸಲ ನೋಡಿದ್ದಳು. ಆದರೆ ಹಿಂದಿನ ದಿನವಷ್ಟೇ ಶಾಲೆಯಲ್ಲಿ ಎಡಗೈಯವಳಾದ ಹುಡುಗಿಯೊಬ್ಬಳು ಬರೆದ ಚಿತ್ರ ತಿದ್ದಿದ್ದಳು. ಈಗ ಕೈಯಲ್ಲಿದ್ದ ಲೇಖನಿ ನಿಂತಿತು. ಸ್ನಾಯುಗಳ ನೆರಳಿಗೆ ಎಳೆದ ಸಣ್ಣ ಗೀರುಗಳೆಲ್ಲ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಕ್ಕೆ ಇಳಿದಿದ್ದವು. ಆ ಹುಡುಗಿಯ ಗೀರುಗಳೂ ಹಾಗೆಯೇ ಇದ್ದವು. ಬಲಗೈಯವರ ಗೀರು ಹಾಗೆ ಬೀಳುವುದಿಲ್ಲ.

"ಜೆಸ್, ನಮ್ಮ ಮುತ್ತಜ್ಜ ಎಡಚನಾ?"

"ಅವನಲ್ಲ, ಅವನ ಹೆಂಡ್ತಿ," ಎಂದಳು ಜೆಸ್, ಓಟ್ಸ್ ಗಂಜಿ ಕಲಕುತ್ತಲೇ. "ಮೇರಿಯನ್. ಎಡಗೈಲಿ ಹೊಲೀತಾಳೆ ಅಂತ ಪಾದ್ರಿ ಬೈದಿದ್ದನಂತೆ, ನಿಮ್ಮಣ್ಣ ಹೇಳ್ತಿದ್ರು. ಅವಳ ಬಗ್ಗೆ ನಿಮ್ಮನೇಲಿ ಉಳಿದಿರೋದು ಅದೊಂದೇ ಮಾತು."

ಆಲ್ಬಮಿನಲ್ಲಿ ಮೇರಿಯನ್‌ಗೆ ಒಂದು ಹಾಳೆಯೂ ಇರಲಿಲ್ಲ.

ಮುತ್ತಜ್ಜನ ಕೈಬರಹ ನೋಡಲೆಂದು ಬೆಥಿಯಾ ಸಹಿಗಳ ಹಾಳೆಯನ್ನು ಕಿಟಕಿಗೆ ಹಿಡಿದಳು. ನಡುವಣ ಆಂಡ್ರೂ ಪರ್ತ್ ಊರಿನಿಂದ ಅಪ್ಪನಿಗೆ ಬರೆದ ಕಾಗದದ ಚೂರು. ಅವನ ಕೈಬರಹದಲ್ಲಿ ಉಳಿದದ್ದು ಅದೊಂದೇ. ಬೆಳಕಿನಲ್ಲಿ ಸಹಿಯ ಹಿಂದೆ ಬೇರೆ ಸಾಲುಗಳ ನೆರಳು ಕಂಡಿತು.

"ಇದನ್ನ ನೆನೆಸಿ ಬಿಡಿಸ್ಬೇಕು."

"ಸಹಿ ಹೋದ್ರೆ? ಅವರು ಕೇಳಿರೋದೇ ಅದನ್ನ. ನಾಡಿದ್ದು ಬಂದಾಗ ಖಾಲಿ ಜಾಗ ತೋರಿಸ್ತೀಯಾ ತಾಯಿ?"

"ಹಿಂದೆ ಏನಿದೆ ಅಂತ ತಿಳೀದೆ ಕೊಟ್ಟುಬಿಡ್ಲಾ?"

ಜೆಸ್ ಒಲೆಯ ಮೇಲಿದ್ದ ಬಿಸಿನೀರನ್ನು ಬಟ್ಟಲಿಗೆ ಬಗ್ಗಿಸಿ ತಂದು ಕುಕ್ಕಿದಳು.

ಶಾಯಿ ಹೀರುವ ಬ್ಲಾಟಿಂಗ್ ಕಾಗದವನ್ನು ಒದ್ದೆಮಾಡಿ ಚೂರಿನ ಮೇಲಿಟ್ಟು ಕಾದರು. ಬೆಥಿಯಾಳ ಅಂಟು ಗಟ್ಟಿಯದು, ಅವಳೇ ಹಿಟ್ಟು ಬೇಯಿಸಿ ಮಾಡಿದ್ದು. ಅರ್ಧ ಗಂಟೆಯಾದ ಮೇಲೆ ಮೂಳೆಯ ಚಾಕು ಒಳಗೆ ಹೋಯಿತು. ಚೂರು ಎದ್ದಿತು. ಬ್ಲಾಟಿಂಗ್ ಕಾಗದ ತೆಗೆದು ನೋಡಿದರೆ ಸಹಿಯ ಅರ್ಧ ಅದರಲ್ಲಿ ಕಂದು ಕಲೆಯಾಗಿ ಇಳಿದಿತ್ತು. ಚೂರಿನಲ್ಲಿ 'ಆಂಡ್ರೂ' ಮಸುಕಾಗಿ ಉಳಿದು, ಮನೆತನದ ಹೆಸರು ಅಳಿಸಿಹೋಗಿತ್ತು. ಹಿಂಬದಿಯಲ್ಲಿ ಮೂರು ತುಂಡು ಸಾಲುಗಳಿದ್ದವು.

"ಮೇರಿಯನ್ ಮೊಣಕೈವರೆಗೆ ಮುಗಿಸಿದ್ದಾಳೆ, ಮಣಿಕಟ್ಟು ಇನ್ನೂ

ಈ ತೋಳು ಕೆಡುತ್ತಿದೆ, ಇನ್ನೊಂದನ್ನು ಪೀಪಾಯಿಯಲ್ಲಿ ಕಳುಹಿಸಿ

ಪುಸ್ತಕದಲ್ಲಿ ಅವಳ ಹೆಸರು ಹಾಕುವ ಮಾತಿಗೆ ಅವಳು"

ಅಲ್ಲಿಗೆ ಕತ್ತರಿ ಬಿದ್ದಿತ್ತು. ಬೇಡ ಎಂದಳೋ, ಬೇಕು ಎಂದಳೋ, ಅತ್ತಳೋ. ಬೆಥಿಯಾ ಅಂಚನ್ನು ಬೆರಳಿನಿಂದ ಸವರಿದಳು. ಬಲು ನೇರವಾದ ಅಂಚು. ಹತ್ತೊಂಬತ್ತರಲ್ಲೇ ಕತ್ತರಿ ಹಿಡಿದ ಅವಳ ಕೈ ಅಷ್ಟು ಪಳಗಿತ್ತು.

"ನಾನೇ ಸುಟ್ಟೆ, ಜೆಸ್. ಮುಂದಿನ ಮಾತನ್ನ ನಾನೇ ಒಲೆಗೆ ಹಾಕ್ದೆ."

"ಗಂಜಿ ಆರ್ತಾ ಇದೆ," ಎಂದು ಜೆಸ್ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಸೋಮವಾರ ಗ್ರಂಥಪಾಲಕ ಕ್ರೈಟನ್ ಒಬ್ಬ ಆಳಿನೊಂದಿಗೆ ತಾನೇ ಮೆಟ್ಟಿಲೇರಿ ಬಂದ. ಸಹಿಯನ್ನು ಕಂಡು ಅವನ ಮುಖ ಬಿಳಿಚಿತು. ಬೆಥಿಯಾ ಹಿಂಬದಿಯ ಸಾಲುಗಳನ್ನು ತೋರಿಸಿ, ಮುಂಗೈಯ ಚಿತ್ರ ಬರೆದವಳು ಮೇರಿಯನ್ ಎಂದಳು.

"ಅಯ್ಯೋ, ಏನ್ ಮಾಡಿಬಿಟ್ರಿ ಮಿಸ್ ಪಿಟ್‌ಕೇತ್ಲಿ! ಇದರಿಂದ ಏನ್ ಸಾಬೀತಾಯ್ತು? ಮೊಣಕೈವರೆಗೆ ಮುಗಿಸಿದಾಳೆ ಅಂದ್ರೆ ಉಣ್ಣೆ ಅಂಗಿಯ ತೋಳು ಹೆಣೀತಿದ್ದಿರಬಹುದು."

"ಅಂಗಿ ತೋಳು ಪೀಪಾಯಿಲಿ ಬರುತ್ತಾ ಸ್ವಾಮಿ?" ಎಂದಳು ಜೆಸ್ ಒಳಗಿನಿಂದ.

ಬೆಥಿಯಾ ಒಂದು ಹಾಳೆ ಮತ್ತು ಸೀಸದಕಡ್ಡಿಯನ್ನು ಅವನ ಮುಂದಿಟ್ಟಳು. "ಒಂದು ಚೌಕ ಬರೆದು ಅದಕ್ಕೆ ನೆರಳು ತುಂಬಿ. ಬೇಗ, ಯೋಚಿಸ್ದೆ."

ಮುಜುಗರದಿಂದಲೇ ಅವನು ಗೀಚಿದ. ಅವಳು ಅದನ್ನು ಮುಂಗೈಯ ಪಕ್ಕದಲ್ಲಿಟ್ಟಳು. ಅವನ ಗೀರುಗಳು ಒಂದು ಕಡೆ ವಾಲಿದ್ದವು, ಚಿತ್ರದ ಗೀರುಗಳು ಇನ್ನೊಂದು ಕಡೆ. ಕ್ರೈಟನ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಹಾಳೆಯನ್ನು ಬೆಳಕಿಗೆ ತಿರುಗಿಸಿ ಸುಮಾರು ಹೊತ್ತು ನೋಡಿದ.

"ನಮ್ಮ ಪಟ್ಟೀಲಿ ನಾನು ಆಂಡ್ರೂ ಅಂತಲೇ ಬರೀಬೇಕಾಗುತ್ತೆ," ಎಂದ ಕೊನೆಗೆ. "ಸಮಿತಿಯವರು ಒಪ್ಪಲ್ಲ. ಆದರೆ ಆಲ್ಬಮ್ ಇನ್ನೂ ನಿಮ್ಮದೇ. ನೀವು ಅದರಲ್ಲಿ ಬರೆದದ್ದನ್ನ ಅಲ್ಲಿ ಯಾರೂ ಅಳಿಸೋ ಹಾಗಿಲ್ಲ. ನಾನು ಕಾಯ್ತೀನಿ."

ಆಳು ಹೊರಗೆ ಮೆಟ್ಟಿಲ ಮೇಲೆ ಕೂತ. ಬೆಥಿಯಾ ಚೂರಿನ ಒಂದಂಚಿಗಷ್ಟೇ ಅಂಟು ಹಚ್ಚಿ, ಎರಡೂ ಬದಿ ಓದಲು ಬರುವಂತೆ ಕೂರಿಸಿದಳು. ಆಮೇಲೆ ಮುಂಗೈಯ ಕೆಳಗೆ ತನ್ನ ದುಂಡಕ್ಷರದಲ್ಲಿ ಬರೆದಳು: "ಬರೆದವಳು ಮೇರಿಯನ್ ಪಿಟ್‌ಕೇತ್ಲಿ, ಎಡಗೈಯಿಂದ." ತುಸು ತಡೆದು ಇನ್ನೊಂದು ಸಾಲು ಸೇರಿಸಿದಳು: "ಈ ವಿಷಯದ ಕಾಗದಗಳನ್ನು 1840ರಲ್ಲಿ ಕತ್ತರಿಸಿ ಸುಟ್ಟವಳು ನಾನು, ಬೆಥಿಯಾ."

ಹೆಗಲ ಮೇಲಿಂದ ಬಗ್ಗಿ ಓದಿದ ಜೆಸ್, "ಅದೂ ಬೇಕಿತ್ತಾ?" ಎಂದಳು.

"ಇಲ್ದಿದ್ರೆ ಮುಂದೆ ಯಾರಾದ್ರೂ ಆ ಕಾಗದಗಳನ್ನ ಹುಡುಕ್ತಾ ಕೂತಾರು," ಎಂದು ಬೆಥಿಯಾ ಶಾಯಿ ಒಣಗುವವರೆಗೆ ಹಾಳೆಯನ್ನು ಬಿಚ್ಚಿಯೇ ಹಿಡಿದುಕೊಂಡಳು.