ಕುಳ್ಳಿನಂಥ ಚಹಾ

ಬಸವಾಪಟ್ಟಣದಲ್ಲಿ ಚನ್ನಗಿರಿ ಬಸ್ಸಿಗೆ ಕಾಯುತ್ತ, ಚಹಾದಂಗಡಿಯ ರತ್ನಮ್ಮನವರಲ್ಲಿ ಬಿಸಿನೀರು ಕೇಳಿ, ಚೀಲದಿಂದ ಪು-ಅರ್ ಬಿಲ್ಲೆ ತೆಗೆದೆ. ಚೀನಾದ ಚಹಾ ಎಲೆಯನ್ನು ಒತ್ತಿ ಮಾಡಿದ್ದು. ಇನ್ನೂ ಮಾಗದ ಹಸಿ ಸರಕು.

“ಸಗಣಿ ಕುಳ್ಳು ತಂದು ಚಹಾ ಅಂತೀರಲ್ರೀ,” ಎಂದು ರತ್ನಮ್ಮ ನಕ್ಕರು.

ಚೂರು ಮುರಿದು ನೆನೆಸಿ ಅವರಿಗೂ ಅರ್ಧ ಲೋಟ ಕೊಟ್ಟೆ. ಸಕ್ಕರೆ ಹಾಕಲು ಹೋದವರನ್ನು ತಡೆದೆ. ಒಂದೇ ಗುಟುಕಿಗೆ ಮುಖ ಕಿವುಚಿದರು.

“ಎಳೆ ಅಡಿಕೆ ಅಗಿದಂಗೈತೆ. ಬರೀ ಒಗರು.”

ನನ್ನ ಮುಖ ಸಣ್ಣದಾಯಿತು. ಮುಕ್ಕಳಿಸಲೆಂದು ಬಿಂದಿಗೆಯ ನೀರನ್ನು ಬಾಯಿಗೆ ತುಂಬಿಕೊಂಡವರು ಉಗುಳಲಿಲ್ಲ, ನುಂಗಿಬಿಟ್ಟರು.

“ನೆಲ್ಲಿಕಾಯಿ ತಿಂದು ನೀರು ಕುಡಿದಂಗೆ ಸಿಹಿ ಆತಲ್ರೀ,” ಎಂದು ಲೋಟದಲ್ಲಿ ಉಳಿದಿದ್ದನ್ನೂ ಕುಡಿದರು.

ಅಷ್ಟರಲ್ಲಿ ನನ್ನ ಬಸ್ಸು ಬಂತು. ಏಳಲು ಹೋದರೆ ರತ್ನಮ್ಮನವರ ಖಾಲಿ ಲೋಟ ಅಡ್ಡ ಬಂತು.

“ಕುಂದರ್ರಿ. ಇನ್ನೊಂದು ಬಸ್ಸು ಐತೆ.”