ಮೂರನೇ ಆಲ್ಬಮ್ಮಿನ ಡ್ರಮ್ಮರ್

ನಮ್ಮ ಮೆಟಲ್ ಬ್ಯಾಂಡಿನ ಮೊದಲ ಆಲ್ಬಮ್ ಕೇಳಿದರೆ ಯಾರೋ ಡಬ್ಬದೊಳಗೆ ಕೂತು ಬಡಿದಾಡಿದ ಹಾಗಿರುತ್ತದೆ. ಅದಕ್ಕೆ ಕಾರಣ ಹರಪನಹಳ್ಳಿಯ ಒಂದು ಮೆಕ್ಕೆಜೋಳದ ಗೋದಾಮು. ಚೀಲಗಳೆಲ್ಲ ಲಾರಿ ಹತ್ತಿ ಹೋದ ಮೇಲೆ ನಮ್ಮ ಬೇಸ್ ಗಿಟಾರಿನವನ ಮಾವ ಅದರ ಬೀಗದ ಕೈ ಕೊಟ್ಟಿದ್ದರು. ಮೇಲೆ ಬರೀ ತಗಡು. ನಾನು ಡ್ರಮ್ಸಿಗೆ ಒಂದು ಏಟು ಹಾಕಿದರೆ ಆ ತಗಡು ನಾಲ್ಕು ಸಲ ವಾಪಸ್ ಬೈಯುತ್ತಿತ್ತು. ಹಾಡುವವನು ಗಂಟಲು ಹರಿಯುವ ಹಾಗೆ ಅರಚುತ್ತಿದ್ದ, ಒಂದು ಪದವೂ ತಿಳಿಯುತ್ತಿರಲಿಲ್ಲ. ತಿಳಿಯದಿದ್ದದ್ದೇ ಒಳ್ಳೆಯದಾಯಿತು, ಆ ಪದಗಳನ್ನು ಬರೆದವನು ನಾನು.

ಆದರೆ ಆ ಗದ್ದಲದೊಳಗೆ ನನ್ನದೊಂದು ಗುರುತಿದೆ. ಡ್ರಮ್ಸಿಗೆ ಬರುವ ಮುಂಚೆ ನಾನು ಇಟ್ಟಿಗಿ ಊರಿನಲ್ಲಿ ಸೋದರಮಾವನ ಹತ್ತಿರ ಡೊಳ್ಳು ಕಲಿತವನು. ಡೊಳ್ಳು ಹೊತ್ತವನು ಬಾರಿಸುತ್ತಲೇ ಮೈ ತಿರುಗಿಸಬೇಕು. ತಿರುಗುವಾಗ ಕೈ ಒಂದು ಚೂರು ಕಾಯುತ್ತದೆ, ಆಮೇಲೆ ಬೀಳುತ್ತದೆ. ಸ್ಟೂಲಿನ ಮೇಲೆ ಕೂತು ಬಾರಿಸುವಾಗಲೂ ನನ್ನ ಕೈ ಆ ಚಾಳಿ ಬಿಡಲಿಲ್ಲ. ಲೀಡ್ ಗಿಟಾರ್ ನುಡಿಸುವ ಗೆಳೆಯನೇ ನಮ್ಮ ಬ್ಯಾಂಡಿನ ಯಜಮಾನ. ಅವನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ.

"ಲೇ, ನಡುವ ಯಾಕ ನಿಂದರ್ತೀಯಲೇ? ಬಸ್ಸಿಗೆ ಕಾಯಾಕತ್ತೀಯೇನು?" ಎನ್ನುತ್ತಿದ್ದ.

ಎರಡನೇ ಆಲ್ಬಮ್ಮನ್ನು ಅವನ ಮನೆಯ ಹಿಂದಿನ ಕೋಣೆಯಲ್ಲಿ ಮಾಡಿದೆವು. ಸದ್ದು ವಾಪಸ್ ಬರಬಾರದೆಂದು ಗೋಡೆಗೆಲ್ಲ ಕುರಿ ಕಂಬಳಿ ಇಳಿಬಿಟ್ಟೆವು. ಕಂಬಳಿಗಳನ್ನು ಇಟ್ಟಿಗಿಯಿಂದ ತಂದವನು ನಾನೇ. ಸೆಕೆಗೆ ಕುರಿ ವಾಸನೆ ಮೂಗಿಗೆ ಅಡರುತ್ತಿತ್ತು, ಆದರೆ ಗಿಟಾರು ದಪ್ಪಗೆ, ಹತ್ತಿರದಿಂದ ಕೇಳಿಸಿತು. ಹಾಡುವವನು ಅರಚುವುದು ಬಿಟ್ಟು ಹೊಟ್ಟೆಯಿಂದ ಗುರುಗುಟ್ಟುವುದನ್ನು ಕಲಿತ. ನಾನೂ ಕೈ ತಿದ್ದಿಕೊಂಡೆ, ಆದರೂ ಆ ಕಾಯುವುದು ಅಲ್ಲಲ್ಲಿ ಉಳಿಯಿತು. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಹುಡುಗರು ಮೆಚ್ಚಿ ಮೆಸೇಜ್ ಕಳಿಸತೊಡಗಿದರು.

ಮೂರನೆಯದಕ್ಕೆ ದಾವಣಗೆರೆಯ ಸ್ಟುಡಿಯೋ. ಒಂದು ಮಧ್ಯಾಹ್ನ ನನ್ನ ಪಾಲಿನದನ್ನು ಬಾರಿಸಿ ಬಂದೆ. ಕೆಲವು ತಿಂಗಳ ಮೇಲೆ ಆಲ್ಬಮ್ ಹೊರಗೆ ಬಂದಾಗ ನಾನು ಹಲವಾಗಲು ಊರಿನ ಅಕ್ಕನ ಮನೆಯಲ್ಲಿದ್ದೆ. ಎಲ್ಲರನ್ನೂ ಕೂರಿಸಿ ಫೋನಿನಲ್ಲಿ ಹಚ್ಚಿದೆ. ಎಷ್ಟು ಸ್ವಚ್ಛ, ಎಷ್ಟು ಬಿಗಿ! ಒಂದು ಏಟೂ ಆಚೀಚೆ ಇಲ್ಲ.

"ಇದ್ರಾಗ ನಿಂದು ಯಾವ್ದೋ?" ಎಂದರು ಭಾವ.

"ಆ ಗುಡುಗಿನಂಗ ಬರ್ತೈತಲ್ರಿ, ಅದೆಲ್ಲಾ ನಂದ," ಎಂದು ಎದೆ ಉಬ್ಬಿಸಿದೆ.

ಐದನೇ ಹಾಡಿನ ನಡುವೆ ಎರಡೂ ಕಾಲು ದೊಡ್ಡ ಡ್ರಮ್ಮಿನ ಪೆಡಲ್ಲಿನ ಮೇಲೆ ಓಡುವ ಒಂದು ಭಾಗ ಬಂತು. ಆ ವೇಗಕ್ಕೆ ನನ್ನ ಕಾಲು ಎಂದೂ ಓಡಿದ್ದಿಲ್ಲ. ಅಷ್ಟರಲ್ಲಿ ಇನ್ನೊಂದೂ ಹೊಳೆಯಿತು: ಮೊದಲ ಹಾಡಿನಿಂದ ಇಲ್ಲಿಯವರೆಗೆ ಎಲ್ಲೂ ಕೈ ಕಾದಿಲ್ಲ. ನನ್ನ ಡ್ರಮ್ಸ್ ತೆಗೆದು ಕಂಪ್ಯೂಟರಿನದನ್ನು ಕೂರಿಸಿದ್ದರು. ಅಕ್ಕ ಇನ್ನೂ ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಫೋನಿನ ಸದ್ದು ಕಮ್ಮಿ ಮಾಡಿದೆ.

ಲೀಡ್ ಗಿಟಾರಿನವನನ್ನು ಕೇಳಿದರೆ ಅವನಿಗೆ ಒಂಚೂರೂ ಮುಜುಗರವಿಲ್ಲ. "ಈಗೆಲ್ಲಾರೂ ಹಿಂಗ ಮಾಡ್ತಾರಲೇ. ಹೆಸರು ನಿಂದ ಹಾಕೇವಲ್ಲ!"

ಹೌದು, ಹೆಸರು ನನ್ನದೇ ಇತ್ತು. ನಾಚಿಕೆಯಾಗಿದ್ದು ತೆಗೆದುಹಾಕಿದರಲ್ಲ ಎಂದಲ್ಲ. ತೆಗೆದುಹಾಕಿದ್ದು ನನಗೇ ನಾಲ್ಕು ಹಾಡು ಮುಗಿಯುವವರೆಗೂ ಗೊತ್ತಾಗಲಿಲ್ಲವಲ್ಲ, ನನ್ನದಲ್ಲದ ಕೈಯನ್ನು ನನ್ನದೆಂದು ಕುಣಿದಾಡಿದೆನಲ್ಲ ಎಂದು. ಆಮೇಲೆ ಯಾರೇ ಸಿಕ್ಕಿ, "ಮೂರನೇದ್ರಾಗ ಏನ್ ಬಾರ್ಸೀರಿ!" ಎಂದರೂ "ಥ್ಯಾಂಕ್ಸ್ ರಿ" ಎನ್ನುತ್ತಾ ಬಂದೆ. ಬೇರೆ ಏನು ಹೇಳಬೇಕೆಂದು ತಿಳಿಯಲಿಲ್ಲ, ತಿಳಿದಾಗ ಬಹಳ ಜನರಿಗೆ ಥ್ಯಾಂಕ್ಸ್ ಹೇಳಿ ಆಗಿತ್ತು.

ಹೋದ ತಿಂಗಳು ಕೊಟ್ಟೂರಿನಿಂದ ಒಬ್ಬಳು ಮೆಸೇಜ್ ಮಾಡಿದಳು. ನರ್ಸರಿ ಶಾಲೆಯಲ್ಲಿ ಟೀಚರ್ ಅಂತೆ. ಐದನೇ ಹಾಡಿನ ಆ ಭಾಗ ಕಲಿತಿದ್ದೇನೆ, ಒಮ್ಮೆ ಬಂದು ಕೇಳಿ ಎಂದಿದ್ದಳು. ಹೊಗಳಿಕೆಯ ಆಸೆಗೇ ಹೋದೆ, ಸುಳ್ಳು ಯಾಕೆ ಹೇಳಲಿ?

"ಬರ್ರಿ ಅಣ್ಣಾ," ಎಂದು ಕೋಣೆಗೆ ಕರೆದಳು. ಹಳೆಯ ಡ್ರಮ್ ಸೆಟ್ಟು, ಮೇಲೆಲ್ಲ ಸದ್ದಡಗಲೆಂದು ಹಾಸಿದ ಟವೆಲ್ಲು. ಕೂತಳು, ಬಾರಿಸಿದಳು. ಅದು ಮನುಷ್ಯರ ಕಾಲಿಗೆ ಆಗದ ಕೆಲಸ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆಗದಿದ್ದದ್ದು ನನ್ನ ಕಾಲಿಗೆ ಅಷ್ಟೇ. ಅವಳ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು, ಒಂದು ಏಟೂ ತಪ್ಪಲಿಲ್ಲ.

"ಬರೋಬ್ಬರಿ ಬಂತೇನ್ರಿ ಅಣ್ಣಾ?"

ನಾನು ಹೇಳಿದ್ದು ಇದು: "ಎಡಗಾಲು ಒಂಚೂರು ಹಿಂದ ಬೀಳಾಕತ್ತೈತಿ, ತಂಗಿ."

"ಹೌದ್ರಿ, ನನಗೂ ಹಂಗ ಅನಿಸಿತ್ತು," ಎಂದಳು. ಮುಖ ಸಣ್ಣದಾಯಿತು. ಥೂ ನನ್ನ ಬಾಯಿಗೆ. ಆಮೇಲೆ ಸ್ಟಿಕ್ಕುಗಳನ್ನು ನನ್ನ ಕಡೆ ಚಾಚಿದಳು. "ನೀವ ಒಮ್ಮಿ ಬಾರ್ಸಿ ತೋರಸ್ರಿ."

"ಕೈ ನೋವೈತಿ," ಎಂದುಬಿಟ್ಟೆ. ಮಣಿಕಟ್ಟನ್ನು ಹಿಡಿದೂ ತೋರಿಸಿದೆ.

ಅಡುಗೆಮನೆಯಲ್ಲಿ ಮಂಡಕ್ಕಿ ಕಲಸುತ್ತಿದ್ದ ಅವಳ ತಾಯಿಗೆ ಅದು ಕೇಳಿಸಿತು. ಆ ಹೆಂಗಸು ಒಲೆಯ ಮೇಲೆ ಬಾಣಲೆ ಇಟ್ಟು ಕಲ್ಲುಪ್ಪು ಹುರಿದರು. ಹಳೇ ಧೋತರದ ತುಂಡಿನಲ್ಲಿ ಬಿಸಿ ಉಪ್ಪು ಗಂಟು ಕಟ್ಟಿ ತಂದು ನನ್ನ ಮುಂದೆ ಕೂತರು.

"ಕೈ ಕೊಡಪ್ಪಾ. ಬಾರ್ಸಿ ಬಾರ್ಸಿ ಸೋತೈತಿ ಪಾಪ."

ಏನೂ ಆಗದ ಕೈಯನ್ನು ಕೊಟ್ಟೆ. ಶಾಖ ಕೊಟ್ಟು, ಗಂಟನ್ನು ಮಣಿಕಟ್ಟಿನ ಮೇಲೇ ಇಟ್ಟು ಬಟ್ಟೆ ಸುತ್ತತೊಡಗಿದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು.

ಮಗಳು ಸ್ಟೂಲಿನ ಮೇಲೆಯೇ ಏನೋ ಯೋಚಿಸುತ್ತಾ ಕೂತಿದ್ದಳು.

"ಖರೇ ಹೇಳ್ಬೇಕಂದ್ರ ಅಣ್ಣಾ, ಮೂರನೇದು ದಿನಾ ಕುಂತು ಬಾರ್ಸಿದ್ರ ಬರ್ತೈತಿ. ಮೊದಲ್ನೇ ಆಲ್ಬಮ್ಮಿಂದ ಬರವಲ್ದು ನೋಡ್ರಿ. ಆ ಗೋದಾಮಿನ್ಯಾಗ ಮಾಡಿದ್ದು. ನಡುವ ಒಂಚೂರು ನಿಂತು, ಆಮ್ಯಾಲೆ ಹೊಡಿತೀರಲ್ಲ, ಎಷ್ಟೊತ್ತು ನಿಂದರ್ತೀರಿ? ನಾನು ಎಷ್ಟು ಮಾಡಿದ್ರೂ ಒಂದೋ ಮೊದ್ಲ ಬೀಳ್ತೈತಿ, ಇಲ್ಲಾ ತಡಾ ಆಗ್ತೈತಿ. ಅದನ್ನ ಕೇಳಾಕ ಅಂತನ ನಿಮ್ಮನ್ನ ಕರದಿದ್ದು."

ಬಾಯಲ್ಲಿ ಹೇಳುವಂಥದ್ದಲ್ಲ ಅದು, ಬಾರಿಸಿಯೇ ತೋರಿಸಬೇಕು. ಇನ್ನೊಂದು ಕೈ ಆಗಲೇ ಸ್ಟಿಕ್ಕಿನ ಕಡೆ ಹೋಗಿತ್ತು.

"ಬ್ಯಾಡ ಬ್ಯಾಡ, ಈಗ ಬ್ಯಾಡ ಬಿಡ್ರಿ," ಎಂದು ಅವಳೇ ಸ್ಟಿಕ್ಕುಗಳನ್ನು ತೆಗೆದು ಪಕ್ಕಕ್ಕಿಟ್ಟಳು. "ಕೈ ನೋವೈತಲ್ಲ."

ಅವಳ ತಾಯಿ ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿದರು.